ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು: ಹಳೆಯದು ಕೊಳ್ಳಬೇಕೋ, ಹೊಸದೋ?

ಬಟ್ಟೆ ಛಾವಣಿಯ 2007ರ ಪೋರ್ಶೆ ಬಾಕ್ಸ್‌ಸ್ಟರ್ ಒಂದು ಕಡೆ, 2016ರ ಆಡಿ ಟಿಟಿ ಇನ್ನೊಂದು ಕಡೆ. ಯಾವುದು ಬೇಕೆಂದು ತೀರ್ಮಾನಿಸುವ ಮೊದಲು ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ನೋಡಿ. ಕಾಸರಗೋಡಿನ ಉಪ್ಪಳ, ಕುಂಬಳೆ, ಬೇಕಲದಂಥ ಕಡಲ ಬದಿಯ ಊರಿನಲ್ಲಿ ಮುಚ್ಚಿದ ಶೆಡ್ ಇಲ್ಲವೆಂದರೆ ಬಟ್ಟೆ ಛಾವಣಿಯ ಹಳೆಯ ಕಾರಿನ ಆಸೆ ಬಿಡುವುದೇ ಒಳ್ಳೆಯದು. ಉಪ್ಪುಗಾಳಿ ಬ್ರೇಕ್ ಪೈಪನ್ನೂ ವೈರಿಂಗ್ ಕನೆಕ್ಟರನ್ನೂ ಸದ್ದಿಲ್ಲದೆ ತಿನ್ನುತ್ತದೆ.

ಎಂಜಿನ್ ತಣ್ಣಗಿರುವಾಗಲೇ ಕಾರು ನೋಡಲು ಹೋಗಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಟೈಮಿಂಗ್ ಚೈನಿನ ಸಡಿಲು ಸದ್ದು ಕೇಳುವುದು ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡುಗಳಲ್ಲೇ ಹೆಚ್ಚು.

ಬಾಕ್ಸ್‌ಸ್ಟರ್‌ನಲ್ಲಿ ನಿಜವಾದ ಭಯ ಎಂಜಿನ್ನಿನೊಳಗಿನ ಐಎಂಎಸ್ ಬೇರಿಂಗಿನದು, ಅಂದರೆ ಟೈಮಿಂಗ್ ಚೈನುಗಳನ್ನು ತಿರುಗಿಸುವ ನಡುವಿನ ಶಾಫ್ಟನ್ನು ಹಿಡಿದಿರುವ ಬೇರಿಂಗಿನದು. ಅದು ಒಡೆದರೆ ಲೋಹದ ಚೂರು ಆಯಿಲ್ ಜತೆ ಸುತ್ತಿ ಇಡೀ ಎಂಜಿನ್ ಹಾಳು. 2006–08ರ ಎಂಜಿನ್ನುಗಳಲ್ಲಿ ಬೇರಿಂಗ್ ದೊಡ್ಡದು, ಒಡೆಯುವುದು ಕಡಿಮೆ. ಆದರೆ ಎಂಜಿನ್ ಬಿಚ್ಚದೆ ಬದಲಿಸಲಾಗದು. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಒಂದೆರಡು ವರ್ಷ ಹೊಸದಾದ ಬಾಕ್ಸ್‌ಸ್ಟರ್‌ಗೆ ಹೆಚ್ಚು ಕೊಡುವುದು ಸರಿಯೆನಿಸುವುದು ಇದಕ್ಕಾಗಿ. ಹಳೆಯದೇ ಬೇಕಿದ್ದರೆ ಆಯಿಲ್ ಫಿಲ್ಟರ್ ತೆಗೆಸಿ, ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಚೂರು ಅಯಸ್ಕಾಂತಕ್ಕೆ ಅಂಟಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಛಾವಣಿಯನ್ನು ಅರ್ಧ ತೆರೆದು, ಅದರ ಹಿಂಬದಿಯ ಎರಡೂ ಮೂಲೆಗಳಲ್ಲಿರುವ ನೀರಿನ ತೂತುಗಳಿಗೆ ಅರ್ಧ ಲೀಟರ್ ನೀರನ್ನು ನಿಧಾನ ಸುರಿಯಿರಿ. ಹಿಂದಿನ ಚಕ್ರದ ಮುಂದೆ ನೆಲಕ್ಕೆ ನೀರು ಬೀಳಬೇಕು. ತೂತು ಕಟ್ಟಿದ್ದರೆ ನಮ್ಮ ಆಟಿ ತಿಂಗಳ ಮಳೆ ಒಳಗಿನ ಕಾರ್ಪೆಟ್ಟಿಗೇ ಇಳಿಯುತ್ತದೆ. ಸೀಟಿನಡಿಯ ಕಾರ್ಪೆಟ್ ಒತ್ತಿ, ತೇವ ಇದೆಯೇ ನೋಡಿ.

ಟಿಟಿಯಂಥ ಹೊಸ ಕಾರಿನ ರೋಗ ಕಣ್ಣಿಗೆ ಕಾಣದು. ಸ್ಕ್ಯಾನರ್ ಜೋಡಿಸಿದಾಗ ದೋಷದ ಕೋಡ್ ಒಂದೂ ಇಲ್ಲವೆಂದು ಖುಷಿಪಡಬೇಡಿ. ರೆಡಿನೆಸ್ ಮಾನಿಟರುಗಳನ್ನೂ, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ತಪಾಸಣೆಗಳನ್ನೂ ನೋಡಿ. ಹಲವು ಇನ್ನೂ ಪೂರ್ಣವಾಗಿಲ್ಲವೆಂದರೆ ಇತ್ತೀಚೆಗೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಳಚಿರಬಹುದು. ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಾದ ಆರು ಗೇರಿನ ಎಸ್-ಟ್ರಾನಿಕ್‌ಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಬಿಲ್ ಕೇಳಿ. ಬದಿಯಡ್ಕ, ಪೆರ್ಲ ಕಡೆಯ ಏರಿನಲ್ಲಿ ನಿಲ್ಲಿಸಿ ನಿಧಾನ ಹೊರಡಿಸಿ. ನಡುಕ, ಗುದ್ದು ಬಂದರೆ ಕ್ಲಚ್ ಅಥವಾ ಮೆಕಟ್ರಾನಿಕ್ (ಗೇರ್‌ಬಾಕ್ಸಿನ ನಿಯಂತ್ರಣ ಘಟಕ) ಖರ್ಚು ಕಾದಿದೆ.

ಎರಡನ್ನೂ ಲಿಫ್ಟಿಗೇರಿಸಿ ಅಡಿ ನೋಡಿ. ಟೈರಿನ ಡಿಒಟಿ ಗುರುತಿನ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ: 1819 ಎಂದರೆ 2019ರ 18ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಟೈರಿನ ಮೇಲಿನ ಉಬ್ಬುಗಳು ಸವೆಯದೆ ಚೆನ್ನಾಗಿದ್ದೂ ರಬ್ಬರ್ ಹಳತಾಗಿ ಗಟ್ಟಿಯಾಗಿರಬಹುದು.

ಕಾಗದಪತ್ರ ಕೊನೆಗಿಡಬೇಡಿ. 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣವಾಗಿದೆಯೇ, ಹಸಿರು ತೆರಿಗೆ ಕಟ್ಟಿದೆಯೇ ನೋಡಿ. ಮಂಗಳೂರಿನ ಕೆಎ-19 ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಮಾಲೀಕತ್ವ ಬದಲಿಸಲು ಫಾರಂ 29, 30 ಬೇಕು, ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಅದನ್ನು ತೆಗೆಸಲು ಫಾರಂ 35 ಬೇಕು. ಕೆಎಲ್-14 ಮಾಡಿಸುವಾಗ ಕೇರಳದ ತೆರಿಗೆ ಎಷ್ಟು ಬೀಳುತ್ತದೆಂದು ಕಾಸರಗೋಡು ಆರ್‌ಟಿಒದಲ್ಲಿ ವಿಚಾರಿಸಿ, ಅದನ್ನು ಕಾರಿನ ಬೆಲೆಗೆ ಕೂಡಿಸಿಯೇ ಚೌಕಾಸಿಗೆ ಕೂರಿ.