ಜೀವಕೋಶದೊಳಗಿನ ಹುಳಿ ಅಳೆಯುವುದು ಹೇಗೆ?

ಬೇಸಿಗೆ ರಜೆಯಲ್ಲಿ ಲ್ಯಾಬಿಗೆ ಬರುವ ಎಂಎಸ್ಸಿ ಮಕ್ಕಳು ಪ್ರತಿ ವರ್ಷ ಒಂದೇ ತಪ್ಪು ಮಾಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಚಂದದ ಚಿತ್ರ ತೆಗೆಯುತ್ತಾರೆ. ಕಂಪ್ಯೂಟರಿನಿಂದ ಒಂದು ಸಂಖ್ಯೆ ಹೊರಡಿಸುತ್ತಾರೆ. ‘ಮೇಡಂ, ಪಿಎಚ್ 4.7 ಬಂತು’ ಅಂತ ಓಡಿ ಬರುತ್ತಾರೆ. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಅವರ ಕೈಲಿರುವ ಸೆನ್ಸರಿಗೆ 5.5ಕ್ಕಿಂತ ಕೆಳಗೆ ಓದಲು ಬರುವುದೇ ಇಲ್ಲ!

ಆ ಸೆನ್ಸರಿನ ಹೆಸರು ಐ-ಸ್ವಿಚ್. ಬೆಂಗಳೂರಿನ ನಮ್ಮ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿದೆಯಲ್ಲ, ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ, ಅಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಇದನ್ನು ಜೀವಂತ ಕೋಶದೊಳಗೆ ಕೆಲಸ ಮಾಡಿಸಿ ತೋರಿಸಿತು. ಅವರೀಗ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾರೆ.

ಮೂರು ಡಿಎನ್‌ಎ ಎಳೆ ಸೇರಿಸಿ ಕಟ್ಟಿದ ಚಿಮಟ ಅಂದುಕೊಳ್ಳಿ. ನಡುವೆ ಒಂದು ಅಕ್ಷರದಷ್ಟು ಜಾಗ ಖಾಲಿ, ಅದೇ ಅದರ ಕೀಲು. ಎರಡು ತುದಿಗಳಲ್ಲೂ ‘ಸಿ’ ಅಕ್ಷರಗಳು, ಅಂದರೆ ಸೈಟೋಸಿನ್, ಜಾಸ್ತಿ. ಸಾಮಾನ್ಯವಾಗಿ ‘ಸಿ’ಗೆ ‘ಜಿ’ಯೇ ಜೋಡಿ. ಆದರೆ ಸುತ್ತ ಹುಳಿ ಏರಿದರೆ ಕೆಲವು ‘ಸಿ’ಗಳಿಗೆ ಹೈಡ್ರೋಜನ್ ಅಯಾನು ಅಂಟುತ್ತದೆ, ಆಗ ‘ಸಿ’ಯೇ ‘ಸಿ’ಯನ್ನು ಹಿಡಿದುಕೊಳ್ಳುತ್ತದೆ. ಚಿಮಟ ಮುಚ್ಚುತ್ತದೆ. ಒಂದು ತೋಳಿಗೆ ಹಸಿರು ಬಣ್ಣದ ಕಣ, ಇನ್ನೊಂದಕ್ಕೆ ಕೆಂಪು. ಮುಚ್ಚಿದಾಗ ಎರಡೂ ಹತ್ತಿರ ಬಂದು ಹಸಿರು ತನ್ನ ಶಕ್ತಿಯನ್ನು ಕೆಂಪಿಗೆ ದಾಟಿಸುತ್ತದೆ. ಹಾಗಾಗಿ ಹುಳಿ ಏರಿದಂತೆ ಹಸಿರು ಮಂಕು, ಕೆಂಪು ಪ್ರಖರ. ನಾವು ಅಳೆಯುವುದು ಹಸಿರನ್ನು ಕೆಂಪಿನಿಂದ ಭಾಗಿಸಿದ ಸಂಖ್ಯೆ, ಅಷ್ಟೇ.

ಮೊದಲ ಕೆಲಸ, ಚಿಮಟ ಕಟ್ಟುವುದು. ಮೂರೂ ಎಳೆಗಳನ್ನು ಸಮ ಪ್ರಮಾಣದಲ್ಲಿ, ಪಿಎಚ್ 5.5ರ ಪೊಟ್ಯಾಸಿಯಂ ಬಫರಿನಲ್ಲಿ ಬೆರೆಸಿ. ಬಫರ್ ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ದ್ರಾವಣ. 90 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ. ಆಮೇಲೆ 15 ನಿಮಿಷಕ್ಕೆ 5 ಡಿಗ್ರಿಯಂತೆ ತಣಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಿ. ‘ಬಿಸಿ ಮಾಡಿ ನೇರ ಐಸಿಗೆ ಇಟ್ಟರೆ ಆಗಲ್ವಾ?’ ಅಂತ ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಆಗಲ್ಲ. ಅವಸರ ಮಾಡಿದರೆ ಎಳೆಗಳು ಸಿಕ್ಕ ಸಿಕ್ಕ ಕಡೆ ಅಂಟಿಕೊಳ್ಳುತ್ತವೆ. ಮರುದಿನ ಡಿಎನ್‌ಎಯನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ ಓಡಿಸಿ, ಒಂದೇ ಪಟ್ಟಿ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಬಣ್ಣದ ವಿಷಯದಲ್ಲಿ ಚೌಕಾಸಿ ಬೇಡ. ಹಸಿರಿಗೆ ಬಳಸುವ ಅಲೆಕ್ಸಾ 488 ದುಬಾರಿ ಅಂತ ಅದರ ಜಾಗದಲ್ಲಿ ಫ್ಲೋರೆಸೀನ್ ಹಾಕಿಸಿದವರನ್ನು ಕಂಡಿದ್ದೇನೆ. ಫ್ಲೋರೆಸೀನ್ ತಾನೇ ಹುಳಿಗೆ ಮಂಕಾಗುವ ಬಣ್ಣ. ಚಿಮಟ ಮುಚ್ಚಿತೋ, ಬಣ್ಣ ಮಂಕಾಯಿತೋ, ಯಾರಿಗೆ ಗೊತ್ತು? ಒಮ್ಮೆ ನಾನು ತರಿಸಿದ ಎಳೆಗಳಲ್ಲಿ ಬಣ್ಣ ಹತ್ತಿದ್ದು ಅರ್ಧಕ್ಕೆ ಮಾತ್ರ, ಕಾಗದದಲ್ಲಿ ಎಲ್ಲ ಸರಿ ಅಂತಿತ್ತು. ಅಂದಿನಿಂದ ಪಾರ್ಸೆಲ್ ಒಡೆದ ಕೂಡಲೇ ಸ್ಪೆಕ್ಟ್ರೋಮೀಟರಿನಲ್ಲಿ ನಾನೇ ನೋಡುತ್ತೇನೆ.

ಕೋಶಕ್ಕೆ ತಿನ್ನಿಸುವುದು ಸುಲಭ. ಹಣ್ಣುನೊಣದ ರಕ್ತಕೋಶಗಳಂಥವು ಋಣ ವಿದ್ಯುದಂಶದ ಡಿಎನ್‌ಎ ಕಂಡರೆ ತಾವೇ ನುಂಗುತ್ತವೆ. ಸೀರಂ, ಅಂದರೆ ಕೋಶ ಬೆಳೆಸಲು ಹಾಕುವ ರಕ್ತದ ತಿಳಿ, ಇಲ್ಲದ ದ್ರವದಲ್ಲಿ ಕೊಡಿ. ಸೀರಮ್ಮಿನಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳಿರುತ್ತವೆ. ಕೆಲವು ನಿಮಿಷ ಬಿಟ್ಟು ತೊಳೆಯಿರಿ. ಮೊದಲು ಅದು ಎಂಡೋಸೋಮ್ ಎಂಬ ಚೀಲದಲ್ಲಿರುತ್ತದೆ, ಅಲ್ಲಿ ಪಿಎಚ್ 6ರ ಆಸುಪಾಸು. ಹೊತ್ತು ಹೋದಂತೆ ಹುಳಿ ಏರುತ್ತದೆ. ಕೊನೆಯ ನಿಲ್ದಾಣ ಲೈಸೋಸೋಮ್, ಅಲ್ಲಿ 4.5ರಿಂದ 5. ಪಿಎಚ್ 1 ಇಳಿದರೆ ಹುಳಿ 10 ಪಟ್ಟು ಅನ್ನುವುದು ನೆನಪಿರಲಿ. ಐ-ಸ್ವಿಚ್ ನಂಬಿಕೆಯಿಂದ ಓದುವುದು 5.5ರಿಂದ 6.8ರ ನಡುವೆ. ಲೈಸೋಸೋಮ್ ಅಳೆಯಬೇಕಾದರೆ ಬೇರೆ ವಿನ್ಯಾಸದ ಸೆನ್ಸರ್ ತನ್ನಿ.

ಈಗ ಬಂತು ನೋಡಿ, ಎಲ್ಲರೂ ಎಡವುವ ಹಂತ: ಕ್ಯಾಲಿಬ್ರೇಷನ್. ಬಟ್ಟು ಇಲ್ಲದ ತಕ್ಕಡಿಯಲ್ಲಿ ಏನು ತೂಗುತ್ತೀರಿ? ಹಸಿರು-ಕೆಂಪಿನ ಅನುಪಾತ 1.8 ಅಂತ ಬಂದರೆ ಅದು ಪಿಎಚ್ ಎಷ್ಟು ಅಂತ ಹೇಳಲು, ಪಿಎಚ್ ಮೊದಲೇ ಗೊತ್ತಿರುವ ಕೋಶಗಳಲ್ಲಿ ಅದೇ ಸೆನ್ಸರನ್ನು ಓದಿರಬೇಕು. ಟೆಸ್ಟ್ ಟ್ಯೂಬಿನಲ್ಲಿ ಓದಿದ್ದು ಸಾಲದು.

ಅದಕ್ಕಾಗಿ ಸೆನ್ಸರ್ ನುಂಗಿದ ಕೋಶಗಳನ್ನು ಫಾರ್ಮಾಲ್ಡಿಹೈಡಿನಿಂದ ಹದವಾಗಿ ಸ್ಥಿರಗೊಳಿಸಿ, ಪೊಟ್ಯಾಸಿಯಂ ಜಾಸ್ತಿ ಇರುವ ಬಫರಿಗೆ ಹಾಕುತ್ತೇವೆ. ನಾನು ಬಳಸುವುದು 120 ಮಿಲಿಮೋಲಾರ್. ಜೊತೆಗೆ ನೈಜೆರಿಸಿನ್ ಮತ್ತು ಮೊನೆನ್ಸಿನ್. ಇವು ಪೊರೆಯ ಆಚೆ-ಈಚೆ ಪೊಟ್ಯಾಸಿಯಂ, ಸೋಡಿಯಂ ಕೊಟ್ಟು ಹೈಡ್ರೋಜನ್ ಅಯಾನು ತರುವ ದಲ್ಲಾಳಿಗಳು. ಇವಿದ್ದರೆ ಹೊರಗಿನ ಪಿಎಚ್ಚೇ ನಿಧಾನಕ್ಕೆ ಒಳಗಿನ ಚೀಲಗಳ ಪಿಎಚ್ ಆಗುತ್ತದೆ. ನಿಧಾನಕ್ಕೆ ಅಂದೆ, ಗಮನಿಸಿ. 5 ನಿಮಿಷಕ್ಕೆ ಚಿತ್ರ ತೆಗೆದರೆ ಅರ್ಧ ದಾರಿಯಲ್ಲಿರುವ ಸಂಖ್ಯೆ ಸಿಗುತ್ತದೆ. ನಾನು ಅರ್ಧ ಗಂಟೆ ಬಿಡುತ್ತೇನೆ, ಆಮೇಲೆ 10 ನಿಮಿಷ ಬಿಟ್ಟು ಇನ್ನೊಮ್ಮೆ ಓದುತ್ತೇನೆ. ಎರಡೂ ಒಂದೇ ಬಂದರೆ ಸರಿ.

ಬಫರಿನಲ್ಲೇ ಇನ್ನೊಂದು ಗುಂಡಿಯಿದೆ. ಹೆಪೀಸ್ ಎಂಬ ಬಫರ್ ಪುಡಿ ಕಪಾಟಿನಲ್ಲಿದೆ ಅಂತ ಎಲ್ಲ ಪಿಎಚ್‌ಗೂ ಅದನ್ನೇ ಬಳಸುತ್ತಾರೆ. 6.8ಕ್ಕಿಂತ ಕೆಳಗೆ ಅದಕ್ಕೆ ಹಿಡಿತವಿಲ್ಲ. ಮೀಟರಿನಲ್ಲಿ 5.5 ತೋರಿಸಿದ ಬಫರ್, ಕೋಶದ ಜೊತೆ ಸೇರಿದ ಮೇಲೆ ಎಲ್ಲಿಗೋ ಜಾರುತ್ತದೆ. 5.5ರಿಂದ 6.7ರವರೆಗೆ ಎಂಇಎಸ್ ಎಂಬ ಇನ್ನೊಂದು ಬಫರ್ ಹಾಕಿ. ಕೊನೆಯಲ್ಲಿ ಡಿಶ್ಶಿನಲ್ಲಿರುವ ದ್ರವವನ್ನೇ ಮತ್ತೆ ಮೀಟರಿಗೆ ಹಿಡಿಯಿರಿ. ಬಾಟಲಿಯ ಲೇಬಲ್ ನಂಬಬೇಡಿ, ಅದರ ಮೇಲಿನ ಅಕ್ಷರ ನಿಮ್ಮದೇ ಆದರೂ.

ಇನ್ನು ನೈಜೆರಿಸಿನ್. ಅದು ಪ್ಲಾಸ್ಟಿಕ್ಕಿಗೂ ಗಾಜಿಗೂ ಅಂಟುತ್ತದೆ, ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಅದೇ ಡಿಶ್ಶಿನಲ್ಲಿ ಮಾರನೇ ದಿನ ಬೇರೆ ಕೋಶ ಹಾಕಿದರೆ ಅವುಗಳ ಹುಳಿಯೂ ಕೆಡುತ್ತದೆ. ಹೀಗೆ ನನ್ನ 2 ವಾರ ಹಾಳಾಗಿದೆ. ಕ್ಯಾಲಿಬ್ರೇಷನ್ ಡಿಶ್ ಬೇರೆಯೇ ಇರಲಿ, ಮೇಲೆ ಕೆಂಪು ಟೇಪ್ ಅಂಟಿಸಿ.

ಹೀಗೆ 5.5ರಿಂದ 6.8ರವರೆಗೆ ಕನಿಷ್ಠ 6 ಬಿಂದು ಓದಿ ಗೆರೆ ಎಳೆಯಿರಿ. ಅದರ ಪಕ್ಕದಲ್ಲೇ ಟೆಸ್ಟ್ ಟ್ಯೂಬಿನ ಗೆರೆಯನ್ನೂ ಹಾಕಿ. ಎರಡರ ಏರಿಳಿತ ಒಂದರ ಮೇಲೊಂದು ಕೂತರೆ ಕೋಶದೊಳಗೂ ಚಿಮಟ ಗಟ್ಟಿಯಾಗಿದೆ ಅಂತ ಅರ್ಥ. ಕೂರದಿದ್ದರೆ ಡಿಎನ್‌ಎ ಕತ್ತರಿಸಿಹೋಗಿರಬಹುದು. ಹೋದ ತಿಂಗಳ ಗೆರೆಯನ್ನು ಇವತ್ತು ಬಳಸುವ ಅಡ್ಡದಾರಿ ಬೇಡವೇ ಬೇಡ. ಲೇಸರ್ ಬದಲಾಗಿರುತ್ತದೆ, ಫಿಲ್ಟರ್ ಯಾರೋ ಮುಟ್ಟಿರುತ್ತಾರೆ.

ಚಿತ್ರ ತೆಗೆಯುವಾಗ ಬೆಳಕು ಕಡಿಮೆ ಇಡಿ. ಕೆಂಪು ಬಣ್ಣ ಬೇಗ ಸುಟ್ಟುಹೋದರೆ ಅನುಪಾತ ಏರಿ, ಹುಳಿ ಕಡಿಮೆಯಿದ್ದಂತೆ ಸುಳ್ಳು ತೋರುತ್ತದೆ. ಹಿನ್ನೆಲೆ ಬೆಳಕನ್ನು ಕಳೆಯಿರಿ, ಹಸಿರು ಮಾತ್ರ ಇರುವ ಕೋಶದಲ್ಲಿ ಕೆಂಪು ಚಾನೆಲ್ಲಿಗೆ ಎಷ್ಟು ಸೋರುತ್ತದೆ ಅಂತಲೂ ನೋಡಿ.

ಕೊನೆಗೆ ಒಂದು ಡಿಶ್ಶಿಗೆ ಬಾಫಿಲೋಮೈಸಿನ್ ಹಾಕಿ. ಚೀಲದೊಳಗೆ ಹುಳಿ ತುಂಬುವ ಪಂಪನ್ನು ಅದು ನಿಲ್ಲಿಸುತ್ತದೆ, ಪಿಎಚ್ ಏರಲೇಬೇಕು. ಏರದಿದ್ದರೆ ಇಷ್ಟು ಹೊತ್ತು ಅಳೆದದ್ದು ಹುಳಿಯನ್ನಲ್ಲ, ಇನ್ನೇನನ್ನೋ. ಚಿತ್ರ ಮುಚ್ಚಿಟ್ಟು ಜೆಲ್ಲಿನ ಆ ಒಂದು ಪಟ್ಟಿಯನ್ನು ಮತ್ತೆ ತೆಗೆದು ನೋಡಿ.