ಕ್ಲಚ್ ಪೆಡಲ್ ಇಲ್ಲದ ಲಾರಿ, ಬಸ್: ಗೇರ್‌ಬಾಕ್ಸ್ ಯಾವುದು, ಆರೈಕೆ ಹೇಗೆ?

ಕ್ಲಚ್ ಪೆಡಲ್ ಇಲ್ಲವೆಂದರೆ ನಮ್ಮಲ್ಲಿ ಎಲ್ಲವನ್ನೂ 'ಆಟೊ ಗೇರ್' ಅಂದುಬಿಡುತ್ತಾರೆ. ಆದರೆ ಒಳಗೆ ಎರಡು ಬೇರೆ ಜಾತಿಗಳಿವೆ. ಅದು ಗೊತ್ತಿಲ್ಲದೆ ಆಯಿಲ್ ಹಾಕಿದರೆ ಲಕ್ಷಗಟ್ಟಲೆ ಬೆಲೆಯ ಗೇರ್‌ಬಾಕ್ಸ್ ಹಾಳಾಗುತ್ತದೆ.

ಹಾಗಾಗಿ ಮೊದಲು ಗುರುತಿಸಿ. ಆಲಿಸನ್ ಕಂಪನಿಯದರಂಥ ಪೂರ್ಣ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ, ಶಕ್ತಿ ಆಯಿಲ್ ಮೂಲಕ ದಾಟುತ್ತದೆ. 'ಡಿ'ಗೆ ಹಾಕಿ ಬ್ರೇಕ್ ಬಿಟ್ಟರೆ ಗಾಡಿ ತಾನಾಗಿ ಮುಂದಕ್ಕೆ ಜರುಗುತ್ತದೆ, ಗೇರ್ ಬದಲಾಗುವಾಗ ಎಳೆತ ತುಂಡಾಗುವುದಿಲ್ಲ. ಎರಡನೆಯದು ಎಎಂಟಿ, ಅಂದರೆ ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಶನ್. ಅದರಲ್ಲಿ ಇರುವುದು ಮಾಮೂಲಿ ಗೇರುಗಳು, ಮಾಮೂಲಿ ಕ್ಲಚ್ ಪ್ಲೇಟು. ಚಾಲಕನ ಕಾಲು, ಕೈ ಮಾಡುತ್ತಿದ್ದ ಕೆಲಸವನ್ನು ಗಾಳಿಯ ಒತ್ತಡ ಮತ್ತು ಕಂಪ್ಯೂಟರ್ ಮಾಡುತ್ತವೆ. ಕೆಎಸ್ಸಾರ್ಟಿಸಿಯ 'ಅಂಬಾರಿ ಉತ್ಸವ'ವಾಗಿ ಓಡುವ ವೋಲ್ವೊ 9600ರ 12 ಗೇರಿನ ಐ-ಶಿಫ್ಟ್ ಗೇರ್‌ಬಾಕ್ಸ್ ಈ ಜಾತಿಯದು. ಗೇರ್ ಬದಲಾಗುವಾಗ ಎಳೆತ ಒಂದು ಕ್ಷಣ ಕಡಿಯುವುದು ಎಎಂಟಿಯ ಗುರುತು. ಆದರೂ ಅನುಮಾನವಿದ್ದರೆ ಗಾಡಿಯ ಅಡಿಗೆ ಹೋಗಿ, ಗೇರ್‌ಬಾಕ್ಸ್ ಹೌಸಿಂಗ್ (ಹೊರಕವಚ) ಮೇಲಿನ ಪ್ಲೇಟಿನ ಧೂಳು ಒರೆಸಿ ಮಾಡೆಲ್ ಸಂಖ್ಯೆ ಓದಿ. ಅದೇ ಕೊನೆಯ ಮಾತು.

ಎಎಂಟಿಗೆ ಒಣ ಗಾಳಿ ಬೇಕು. ಏರ್ ಟ್ಯಾಂಕಿನ ನೀರು ತೆಗೆಯುತ್ತಿರಿ, ಗಾಳಿಯ ತೇವ ಹೀರುವ ಏರ್ ಡ್ರೈಯರ್ ಕಾರ್ಟ್ರಿಜ್ ಹೊತ್ತಿಗೆ ಸರಿಯಾಗಿ ಬದಲಿಸಿ. ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಕ್ಲಚ್ ಸುಡುತ್ತದೆ.

ಪೂರ್ಣ ಆಟೊಮ್ಯಾಟಿಕ್‌ನ ಜೀವ ಇರುವುದೇ ಆಯಿಲ್‌ನಲ್ಲಿ. ಗಾಡಿ ಓಡಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಬಿಡಿ. ಲೆವೆಲ್ ಸೆನ್ಸರ್ ಇರುವ ಆಲಿಸನ್‌ನ ಬಟನ್ ಪ್ಯಾಡಿನಲ್ಲಿ ಮೇಲಿನ, ಕೆಳಗಿನ ಬಾಣಗಳನ್ನು ಒಟ್ಟಿಗೆ ಒತ್ತಿದರೆ ಎರಡು ನಿಮಿಷದೊಳಗೆ 'ಓಕೆ' ಬರುತ್ತದೆ. ಇಲ್ಲವೇ 'ಲೋ' ಅಥವಾ 'ಹೈ' ಜೊತೆಗೆ ಒಂದು ಸಂಖ್ಯೆ. ಆಯಿಲ್ ಎಷ್ಟು ಕಡಿಮೆ ಅಥವಾ ಜಾಸ್ತಿ ಎಂದು ಹೇಳುವ ಆ ಸಂಖ್ಯೆ ಕ್ವಾರ್ಟ್ ಲೆಕ್ಕ, ಒಂದು ಕ್ವಾರ್ಟ್ ಅಂದರೆ ಸುಮಾರು 0.95 ಲೀಟರ್. ಲೀಟರೇ ಅಂದುಕೊಂಡು ಹೆಚ್ಚು ಸುರಿಯಬೇಡಿ. ಜಾಸ್ತಿಯಾದರೆ ಆಯಿಲ್ ನೊರೆಗಟ್ಟಿ ಬಿಸಿಯೇರುತ್ತದೆ. ಡಬ್ಬಿಯ ಮೇಲೆ ಕಂಪನಿ ಹೇಳಿದ ಗ್ರೇಡಿನ ಅನುಮೋದನೆ ಇರಲೇಬೇಕು.

ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಹಾಲು ಬೆರೆಸಿದಂತಿದ್ದರೆ ಆಯಿಲ್ ತಣಿಸುವ ಕೂಲರ್ ಒಡೆದು ರೇಡಿಯೇಟರ್ ನೀರು ಸೇರಿದೆ. ಆ ನೀರಿನ ಕೂಲಂಟ್ ಈ ಪ್ಲೇಟುಗಳ ಲೈನಿಂಗ್ ಎಬ್ಬಿಸುತ್ತದೆ. ಆಮೇಲೆ ಬರೀ ಆಯಿಲ್ ಬದಲಿಸಿ ಪ್ರಯೋಜನವಿಲ್ಲ, ಗಾಡಿ ಅಲ್ಲಿಯೇ ನಿಲ್ಲಿಸಿ.

ಶಿರಾಡಿ, ಚಾರ್ಮಾಡಿ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ಬಿಡಿ. ಎಂಜಿನ್ ಹಿಡಿತವೂ ಹೋಗುತ್ತದೆ, ಬ್ರೇಕಿಗೆ ನೆರವಾಗಿ ವೇಗ ತಗ್ಗಿಸುವ ರಿಟಾರ್ಡರ್ ಕೂಡ ಕೆಲಸ ಮಾಡದೇ ಇರಬಹುದು.

ಕೆಟ್ಟು ನಿಂತರೆ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಹಾಗೇ ಎಳೆಸಲೂಬೇಡಿ: ಆಯಿಲ್ ಪಂಪು ಓಡುವುದು ಎಂಜಿನ್ನಿನಿಂದ. ಎಂಜಿನ್ ನಿಂತಿದ್ದು ಚಕ್ರ ತಿರುಗಿದರೆ ಬೇರಿಂಗುಗಳು ಆಯಿಲ್ ಇಲ್ಲದೆ ಸುಟ್ಟುಹೋಗುತ್ತವೆ. ಮೊದಲು ಗೇರ್‌ಬಾಕ್ಸಿನಿಂದ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ. ಅದಕ್ಕೂ ಮುಂಚೆ ಚಕ್ರಗಳಿಗೆ ಅಡ್ಡಗಲ್ಲು ಕೊಡಿ, ಕೆಳಗೆ ಮಲಗಿದವನ ಪ್ರಾಣ ಅದರ ಮೇಲಿದೆ.