ಬಿಸಿಲು ಬೇಕೆನ್ನುವ ಹೂಗಳು

ಫೆಬ್ರವರಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಕೈತೋಟದವರ ಮಾತೆಲ್ಲ ಒಂದೇ ಕಡೆ ತಿರುಗುತ್ತದೆ. ಗಿಡ ಉಳಿಸುವುದು ಹೇಗೆ? ಹಸಿರು ಪರದೆ ಕಟ್ಟಬೇಕಾ, ಎರಡು ಹೊತ್ತು ನೀರು ಹಾಕಬೇಕಾ, ಊರಿಗೆ ಹೋದರೆ ಯಾರಿಗೆ ಹೇಳಿ ಹೋಗೋದು? ಆದರೆ ಬಸವನಗುಡಿಯ ನಮ್ಮ ತಾರಸಿಯಲ್ಲಿ ವರ್ಷದಲ್ಲೇ ಜಾಸ್ತಿ ಹೂ ಬಿಡುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ. ಕಾರಣ ಸರಳ. ಅಲ್ಲಿರುವ ಗಿಡಗಳಲ್ಲಿ ಮುಕ್ಕಾಲು ಪಾಲು ಬಿಸಿಲನ್ನೇ ಬಯಸುವಂಥವು. ಪೆಟೂನಿಯಾ, ಪ್ಯಾನ್ಸಿ, ಡೇಲಿಯಾ ಎಲ್ಲ ಚಳಿಗಾಲಕ್ಕೆ ಚೆಂದ. ಅವನ್ನು ಏಪ್ರಿಲ್‌ವರೆಗೆ ಉಳಿಸಿಕೊಳ್ಳಲು ಪರದಾಡುವ ಬದಲು ಆ ಜಾಗವನ್ನೂ ಆ ನೀರನ್ನೂ ಮಲ್ಲಿಗೆಗೆ ಕೊಟ್ಟಿದ್ದೇನೆ.

ಮೈಸೂರು, ಉಡುಪಿ, ಹೂವಿನಹಡಗಲಿ ಈ ಮೂರೂ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ನಮ್ಮ ನಾಡಿಗೂ ಈ ಹೂವಿಗೂ ಇರುವ ನಂಟು ಅಂಥದ್ದು. ಕುಂಡದಲ್ಲಿ ಬೆಳೆಸಲು ಮಾತ್ರ ನನಗೆ ದುಂಡು ಮಲ್ಲಿಗೆಯೇ ಇಷ್ಟ. ಪೊದೆಯಾಗಿ ನಿಲ್ಲುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ.

ಇದರ ಬೇಸಿಗೆ ಶುರುವಾಗುವುದು ಡಿಸೆಂಬರ್‌ನಲ್ಲೇ. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕಡ್ಡಿ ಎಷ್ಟು ಉದ್ದ ಬೆಳೆದರೂ ಬರೀ ಎಲೆ. ಹಾಗಾಗಿ ಡಿಸೆಂಬರ್ ಕೊನೆಗೆ ಕೆಲವು ದಿನ ನೀರು ಕಡಿಮೆ ಮಾಡುತ್ತೇನೆ. ಆಮೇಲೆ ಗಿಡವನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ಕೈಯಲ್ಲೇ ಕಿತ್ತುಬಿಡುತ್ತೇನೆ. ನಮ್ಮ ಅತ್ತೆ ಮೊದಲ ಸಲ ನೋಡಿದಾಗ, "ಅಯ್ಯೋ, ಏನೇ ಇದು, ಪೂರ್ತಿ ಬೋಳು ಮಾಡಿಬಿಟ್ಯಲ್ಲೇ!" ಅಂದಿದ್ದರು. ಮಾರ್ಚ್ ಬಂದಾಗ ದೇವರಿಗೆ ಹೂ ಬಿಡಿಸಲು ಅವರೇ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ಕತ್ತರಿಸಿದ ಮೇಲೆ ಮೇಲಿನ ಎರಡು ಇಂಚು ಮಣ್ಣು ಸಡಿಲಿಸಿ ತೆಗೆಯಬೇಕು. ಆ ಜಾಗಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಜನವರಿ, ಫೆಬ್ರವರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು. ಒಂದು ಹಿಡಿ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಆ ತಿಳಿಗೆ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕುತ್ತೇನೆ. ವಾಸನೆ ಜೋರಾಗಿಯೇ ಇರುತ್ತದೆ. ಅಪಾರ್ಟ್‌ಮೆಂಟ್ ಬಾಲ್ಕನಿಯವರು ಇದನ್ನು ಬಿಟ್ಟು ಎರೆಗೊಬ್ಬರದಲ್ಲೇ ಇರುವುದು ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯ ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಮಲ್ಲಿಗೆ ಇಟ್ಟರೆ ಎಲೆ ಹಸಿರಾಗಿರುತ್ತದೆ, ಹೂ ಮಾತ್ರ ಕೇಳಬೇಡಿ.

ಮೊದಲ ಸುತ್ತಿನ ಹೂ ಮುಗಿದ ಕೂಡಲೇ ಹೂ ಬಿಟ್ಟ ತುದಿಯನ್ನು ಎರಡು ಜೋಡಿ ಎಲೆ ಸಮೇತ ಚಿವುಟಬೇಕು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಮೊಗ್ಗು. ಹೀಗೆ ಮಾಡುತ್ತಾ ಹೋದರೆ ಜೂನ್‌ವರೆಗೂ ಹೂವಿಗೆ ಬರವಿಲ್ಲ. ನಡುವೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಅದರಲ್ಲಿ ಸಣ್ಣ ತೂತು ಕಂಡರೆ ಒಳಗೆ ಹುಳು ಇದೆ ಅಂತ ಅರ್ಥ. ಅಂಥ ಮೊಗ್ಗನ್ನೆಲ್ಲ ಬಿಡಿಸಿ ದೂರ ಹಾಕಿ, ಸಂಜೆ ಹೊತ್ತು ಬೇವಿನ ಎಣ್ಣೆ ಸಿಂಪಡಿಸುತ್ತೇನೆ. ಒಂದು ಲೀಟರ್ ನೀರಿಗೆ ಐದು ಎಂ.ಎಲ್. ಎಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ನೀರು. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಮೊಗ್ಗು ಬಿಡಿಸುವುದು ಸೂರ್ಯ ಇಳಿಯುವ ಹೊತ್ತಿಗೆ. ದಪ್ಪಗೆ, ಅಚ್ಚ ಬಿಳಿಯಾಗಿರುವ ಮೊಗ್ಗು ಅವತ್ತೇ ರಾತ್ರಿ ಅರಳುತ್ತದೆ. ಹಸಿರು ಛಾಯೆ ಇದ್ದರೆ ಒಂದು ದಿನ ಬಿಡಿ. ಬಾಳೆ ನಾರು ನೆನೆಸಿಟ್ಟು, ತಾರಸಿಯಲ್ಲೇ ಕೂತು ಹೂ ಕಟ್ಟುವ ಆ ಅರ್ಧ ಗಂಟೆಯೇ ನನಗೆ ಬೇಸಿಗೆಯ ದೊಡ್ಡ ಸುಖ. ಬೇಸಿಗೆ ರಜೆಗೆ ಬಂದ ನನ್ನ ತಂಗಿಯ ಮಗಳಿಗೆ ನಮ್ಮ ಗಿಡದ ಹೂವಲ್ಲೇ ಮೊಗ್ಗಿನ ಜಡೆ ಹಾಕಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಜಡೆಗೆ ಬೇಕಾದಷ್ಟು ಮೊಗ್ಗು ಒಂದೇ ದಿನ ಮನೆಯಲ್ಲಿ ಸಿಗುವುದು ಕಷ್ಟ. ಅರ್ಧ ನಮ್ಮದು, ಇನ್ನರ್ಧ ಗಾಂಧಿ ಬಜಾರಿನದು. ಒಂದೊಂದೇ ಮೊಗ್ಗು ಸೂಜಿಗೆ ಪೋಣಿಸಿ, ಪಟ್ಟಿಗೆ ಹೊಲಿದು, ನಡುವೆ ಕನಕಾಂಬರ ಸೇರಿಸಿ, ತುದಿಗೆ ಕುಚ್ಚು ಕಟ್ಟಿದೆವು. ನಮ್ಮ ಕಾಲದಲ್ಲಿ ಸ್ಟುಡಿಯೋದಲ್ಲಿ ಹಿಂದೆ ಕನ್ನಡಿ ಇಟ್ಟು ಜಡೆ ಕಾಣುವ ಹಾಗೆ ಫೋಟೋ ತೆಗೆಸುತ್ತಿದ್ದರು, ಅಲ್ವಾ? ನಾವು ಮನೆಯ ಬೀರುವಿನ ಕನ್ನಡಿ ಮುಂದೆ ನಿಲ್ಲಿಸಿ ತೆಗೆದೆವು. ಹತ್ತು ವರ್ಷದ ಹುಡುಗಿ ಇಡೀ ಸಂಜೆ ಕತ್ತು ಅಲ್ಲಾಡಿಸದೆ ಕೂತಿದ್ದಳು!

ಇನ್ನು ನೀರಿನ ವಿಷಯ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿನ ಅಭಾವ ಎಷ್ಟಾಯಿತು ಅಂದರೆ, ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಅದು ಸರಿಯೇ ಅಂತ ನನಗೆ ಅನಿಸಿತು. ಕುಡಿಯಲು ನೀರಿಲ್ಲದೆ ಜನ ಟ್ಯಾಂಕರ್ ಕಾಯುವಾಗ ತೋಟಕ್ಕೆ ಕಾವೇರಿ ನೀರು ಹಾಕಲು ಮನಸ್ಸು ಒಪ್ಪುವುದಿಲ್ಲ. ಆಗಿನಿಂದ ನಮ್ಮ ತಾರಸಿಗೆ ಹೋಗುವುದು ಅಡುಗೆಮನೆಯ ನೀರು. ಅಕ್ಕಿ, ಬೇಳೆ, ತರಕಾರಿ ತೊಳೆದದ್ದೆಲ್ಲ ಒಂದು ಬಕೆಟ್‌ಗೆ ಬೀಳುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಅಲ್ಲಿಗೇ. ಅದರಲ್ಲಿ ಉಪ್ಪಿನಂಶ ಇರುವುದಿಲ್ಲ, ಗಿಡಕ್ಕೆ ಒಳ್ಳೆಯದು. ವಾಟರ್ ಫಿಲ್ಟರ್ ಹೊರಗೆ ಬಿಡುವ ನೀರಲ್ಲಿ ಮಾತ್ರ ಲವಣ ಜಾಸ್ತಿ. ಅದನ್ನೇ ದಿನಾ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ನಾನು ಅದನ್ನು ನೆಲ ಒರೆಸಲು ಇಟ್ಟುಕೊಳ್ಳುತ್ತೇನೆ.

ಹಾಕಿದ ನೀರು ಉಳಿಯಬೇಕಲ್ಲ? ಕುಂಡಗಳನ್ನು ಬಿಡಿಬಿಡಿಯಾಗಿ ಇಡದೆ ಒತ್ತೊತ್ತಾಗಿ ಇಡುತ್ತೇನೆ. ಕಾದ ತಾರಸಿಗೆ ತಳ ತಾಗದಂತೆ ಇಟ್ಟಿಗೆ ಕೊಡುತ್ತೇನೆ. ಮಣ್ಣಿನ ಮೇಲೆ ಒಂದು ಪದರ ತರಗೆಲೆ ಅಥವಾ ತೆಂಗಿನ ನಾರು. ದೊಡ್ಡ ಕುಂಡಗಳಲ್ಲಿ ಗಿಡದ ಪಕ್ಕ ಒಂದು ಪುಟ್ಟ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತಿದ್ದೇನೆ. ಬಣ್ಣ, ಮೆರುಗು ಹಚ್ಚದ ಕುಡಿಕೆಯೇ ಆಗಬೇಕು. ಅದಕ್ಕೆ ನೀರು ತುಂಬಿ ಮುಚ್ಚಿಟ್ಟರೆ ಗೋಡೆಯ ಮೂಲಕ ನಿಧಾನವಾಗಿ ಜಿನುಗಿ ಬೇರಿಗೆ ಹೋಗುತ್ತದೆ, ಆವಿಯಾಗುವುದು ಕಡಿಮೆ. ಹೊತ್ತು ಏರುವ ಮುಂಚೆ ನೀರು ಹಾಕಿ ಮುಗಿಸುತ್ತೇನೆ. ಅದಕ್ಕೂ ಮುಂಚೆ ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡುತ್ತೇನೆ. ತಂಪಿದ್ದರೆ ಆ ಕುಂಡಕ್ಕೆ ಅವತ್ತು ನೀರು ಬೇಡ.

ಮಲ್ಲಿಗೆಯ ಜೊತೆಗಿರುವ ಟೇಬಲ್ ರೋಸ್‌ಗೆ ಇಷ್ಟು ಆರೈಕೆಯೂ ಬೇಡ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು. ಬಿಸಿಲು ಏರಿದಂತೆ ಅರಳುತ್ತದೆ, ಮೋಡ ಇದ್ದರೆ ಮುದುಡಿಯೇ ಇರುತ್ತದೆ. ದಾಸವಾಳಕ್ಕೆ ಸೂರಕ್ಕಿಗಳು ಬರುತ್ತವೆ. ಅವಕ್ಕಾಗಿ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರು ಇಡುತ್ತೇನೆ, ದಿನಾ ಬದಲಾಯಿಸುತ್ತೇನೆ. ಮೇ ಫ್ಲವರ್ ಗಡ್ಡೆಯದು ಬೇರೆಯೇ ಲೆಕ್ಕ. ಚಳಿಗಾಲದಲ್ಲಿ ಎಲೆ ಒಣಗಿ ಕುಂಡ ಖಾಲಿ ಕಾಣುತ್ತದೆ. ಸತ್ತುಹೋಯಿತು ಅಂತ ದಯವಿಟ್ಟು ಎಸೆಯಬೇಡಿ. ನೀರು ನಿಲ್ಲಿಸಿ ಮೂಲೆಗೆ ಇಟ್ಟುಬಿಡಿ. ಏಪ್ರಿಲ್ ಕೊನೆಗೆ ಒಂದೆರಡು ಮಳೆ ಬಿದ್ದರೆ ಸಾಕು, ಚೆಂಡಿನಂಥ ಕೆಂಪು ಹೂ ಮಣ್ಣಿನಿಂದ ನೇರವಾಗಿ ಎದ್ದು ಬರುತ್ತದೆ. ವರ್ಷಕ್ಕೆ ಒಂದೇ ಸಲ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತಾರಲ್ಲ, ಆ ಮಳೆಯ ಆಸುಪಾಸಿನಲ್ಲೇ.

ನಮ್ಮ ಮನೆಯವರು ಬೇಸಿಗೆ ಬಂದರೆ ದೂರದ ಗಿರಿಧಾಮದ ಮಾತು ತೆಗೆಯುತ್ತಿದ್ದರು. ಈಗ ತೆಗೆಯುವುದಿಲ್ಲ. ಬಿಸಿಲು ಬೇಕೆನ್ನುವ ಗಿಡಗಳನ್ನು ಬೆಳೆಸಲು ಶುರು ಮಾಡಿದ ಮೇಲೆ, ಬಿಸಿಲು ಬೇಕೆನ್ನುವ ಮರಗಳೂ ಕಣ್ಣಿಗೆ ಬೀಳತೊಡಗಿದವು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಆರಿಸಿ ಸಾಲುಮರ ನೆಡಿಸಿದರು. ಅದರ ಫಲ ಇವತ್ತಿಗೂ ನಮಗೆ ಸಿಗುತ್ತಿದೆ. ಮಾರ್ಚ್ ಬರುವಷ್ಟರಲ್ಲಿ ಗುಲಾಬಿ, ಹಳದಿ ಟಬೂಬಿಯಾ. ಆಮೇಲೆ ನೀಲಿ ಜಕರಂಡ. ಏಪ್ರಿಲ್, ಮೇ ಬಂದರೆ ಗುಲ್‌ಮೊಹರ್. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರದ್ದು. ಅವು ಎಷ್ಟೇ ಚೆಂದ ಇರಲಿ, ನನ್ನ ಮನಸ್ಸು ನಮ್ಮದೇ ನೆಲದ ಹೊಂಗೆ ಮತ್ತು ಕಕ್ಕೆಯ ಕಡೆಗೇ. ಯುಗಾದಿ ಹೊತ್ತಿಗೆ ಹೊಂಗೆ ಎಳೆ ಹಸಿರಾಗಿ ನಿಂತು, ಕೆಳಗೆಲ್ಲ ಸಣ್ಣ ಹೂ ಉದುರಿಸಿರುತ್ತದೆ. ಮಧ್ಯಾಹ್ನವೂ ಅದರ ನೆರಳು ತಂಪು. ಕಕ್ಕೆಯ ಹಳದಿ ಗೊಂಚಲಿಗೆ ಏಪ್ರಿಲ್‌ವರೆಗೆ ಕಾಯಬೇಕು.

ನಾವು ಬೆಳಗಿನ ತಂಪಿಗೇ ಹೊರಟು ಒಂಬತ್ತರೊಳಗೆ ಮನೆಗೆ ಬಂದುಬಿಡುತ್ತೇವೆ. ಹೆಚ್ಚಾಗಿ ಹೋಗುವುದು ಲಾಲ್‌ಬಾಗ್‌ಗೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ಗಾಜಿನ ಮನೆಯ ಕಡೆ ಜನ ಜಾಸ್ತಿ. ಮಕ್ಕಳ ಜೊತೆ ಹೋದರೆ ಮೊದಲು ಬಂಡೆ ಹತ್ತಿಸಿ, ಬಿಸಿಲು ಏರಿದ ಮೇಲೆ ಕಾಲಿಡಲಾಗುವುದಿಲ್ಲ. ನಾಗಲಿಂಗ ಪುಷ್ಪದ ಮರ ಸಿಕ್ಕರೆ ಉದುರಿದ ಒಂದು ಹೂ ಎತ್ತಿ ಕೈಗೆ ಕೊಡಿ. ಹೂ ಕೊಂಬೆಯ ತುದಿಯಲ್ಲಿ ಬಿಡದೆ ಕಾಂಡಕ್ಕೇ ಅಂಟಿಕೊಂಡಂತೆ ಬಿಡುವುದನ್ನು ಅವರೇ ಕಂಡುಹಿಡಿಯಲಿ. ವಾಪಸ್ ಬರುವಾಗ ಗಾಂಧಿ ಬಜಾರಿನ ಹೂವಿನ ಸಾಲು, ಒಂದು ಕಾಫಿ. ಅಷ್ಟೇ ನಮ್ಮ ಪ್ರವಾಸ.

ಒಂದು ರಾತ್ರಿ ಮಾತ್ರ ನಿದ್ದೆ ಬಿಡುತ್ತೇವೆ. ಚೈತ್ರದ ಹುಣ್ಣಿಮೆ, ಅಂದರೆ ದವನದ ಹುಣ್ಣಿಮೆ, ಬೆಂಗಳೂರು ಕರಗದ ರಾತ್ರಿ. ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ಕಳೆದ ಮೇಲೆ ಕರಗ ಹೊರಡುತ್ತದೆ. ಇಡೀ ಕರಗವೇ ಮಲ್ಲಿಗೆಯಿಂದ ಮುಚ್ಚಿರುತ್ತದೆ. ಎರಡೂ ಕಡೆಯಿಂದ ಜನ ಅದರ ಮೇಲೆ ಮಲ್ಲಿಗೆ ಎರಚುತ್ತಾರೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಈ ಉತ್ಸವ ನಡೆಸುವ ತಿಗಳರು ತಲೆಮಾರುಗಳಿಂದ ಈ ಊರಿಗೆ ಹೂ, ತರಕಾರಿ ಬೆಳೆದುಕೊಟ್ಟ ತೋಟಗಾರರು. ಕುಂಡದಲ್ಲಿ ನಾಲ್ಕು ಗಿಡ ಬೆಳೆಸುವ ನನಗೆ ಅವರ ಮೇಲೆ ತುಂಬಾ ಗೌರವ. ಮನೆಯಿಂದ ಒಂದು ಚೀಲ ಬಿಡಿ ಮಲ್ಲಿಗೆ ತೆಗೆದುಕೊಂಡು ಹೋಗುತ್ತೇನೆ. ಡಿಸೆಂಬರ್‌ನಲ್ಲಿ ಗಿಡ ಕತ್ತರಿಸುವಾಗಲೇ ಆ ರಾತ್ರಿಯ ಲೆಕ್ಕ ತಲೆಯಲ್ಲಿರುತ್ತದೆ.

ಜೂನ್ ಮಳೆ ಹಿಡಿದ ಮೇಲೆ ಕಡ್ಡಿ ನೆಡುವ ಕಾಲ. ಅಕ್ಕಪಕ್ಕದವರು, "ಆಂಟಿ, ನಮಗೂ ಒಂದು ಗಿಡ ಮಾಡಿಕೊಡಿ" ಅಂತ ಕೇಳಿಟ್ಟಿರುತ್ತಾರೆ. ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ ಕಡ್ಡಿ ಆರಿಸಿ, ಮೂರು ಗೆಣ್ಣು ಇರುವಂತೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡುತ್ತೇನೆ. ನೆರಳಲ್ಲಿಟ್ಟು ಮಣ್ಣನ್ನು ಹಸಿಯಾಗಿಡಬೇಕು. ಬೇರು ಬಿಡಲು ಒಂದು, ಒಂದೂವರೆ ತಿಂಗಳು ಬೇಕು. ಅಲ್ಲಿಯವರೆಗೆ ಬೇರು ಬಂತಾ ಅಂತ ಎಳೆದು ನೋಡಬೇಡಿ.